ಗೇಟು ಮುಚ್ಚಿದ ಎರಡು ಬೇಸಿಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕೊಡಗು ಎಂದರೆ ಹಾಕಿ ಎನ್ನುವುದು ನಾಡಿಗೆಲ್ಲ ಗೊತ್ತಿರುವ ಮಾತು. ಆದರೆ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಸಂಜೆ ಸುಂಟಿಕೊಪ್ಪದ ಕಡೆಗೋ, ಸಿದ್ದಾಪುರ, ಅಮ್ಮತ್ತಿಯ ಕಡೆಗೋ ಬನ್ನಿ. ಶಾಲೆ ಮೈದಾನದ ಸುತ್ತ ಜನ ನಿಂತಿರುತ್ತಾರೆ. ಮೈಕಿನಲ್ಲಿ ಒಂದು ಮಾತು ಕನ್ನಡ, ಮರುಮಾತು ಮಲಯಾಳ. ನಡುವೆ ಕಾಲ್ಚೆಂಡು ಓಡುತ್ತಿರುತ್ತದೆ. ಆಡುವವರು ತೋಟದ ಕೂಲಿಯವರ ಲೈನ್ ಮನೆಯ ಹುಡುಗರು, ಆಟೋ ಓಡಿಸುವವರು, ವರ್ಕ್‌ಶಾಪಿನಲ್ಲಿ ದುಡಿಯುವವರು, ಕಾಲೇಜು ಮಕ್ಕಳು. ಅಂಥದೊಂದು ಸಣ್ಣ ಕ್ಲಬ್ಬಿನ ಲೆಕ್ಕದ ಪುಸ್ತಕ ಹಲವು ವರ್ಷಗಳಿಂದ ನನ್ನ ಮನೆಯ ಕಪಾಟಿನಲ್ಲಿದೆ. ಕೊರೊನಾ ಬಂದಾಗ ಆ ಪುಸ್ತಕಕ್ಕೆ ಏನಾಯಿತು, ದೂರದ ಊರುಗಳಲ್ಲಿ ನಮ್ಮಂಥದೇ ಸಣ್ಣ ಕ್ಲಬ್ಬುಗಳಿಗೆ ಏನಾಯಿತು, ಅದನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಬಂದಿದ್ದೇನೆ.

ಮೊದಲು ನಮ್ಮ ಆಟದ ಕಾಲ ಯಾವುದು ಎಂದು ಹೇಳಿಬಿಡುತ್ತೇನೆ. ಚಳಿಗಾಲವೆಲ್ಲ ಕಾಫಿ ಕೊಯ್ಲು, ಅದರ ಬೆನ್ನಿಗೆ ಕರಿಮೆಣಸು. ಆಗ ಯಾವ ಹುಡುಗನಿಗೂ ಪುರುಸೊತ್ತಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮೈದಾನ ಗದ್ದೆಯಾಗುತ್ತದೆ. ಇವೆರಡರ ನಡುವೆ ಸಿಗುವುದು ಏಪ್ರಿಲ್, ಮೇ ಎರಡೇ ತಿಂಗಳು. ಶಾಲೆಗೆ ರಜೆ, ಮೈದಾನ ಖಾಲಿ, ಜನರ ಕೈಯಲ್ಲಿ ನಾಲ್ಕು ಕಾಸು. ನಮ್ಮ ಟೂರ್ನಿಗಳೆಲ್ಲ ಆಗಲೇ. 2020ರಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. 2021ರಲ್ಲಿ ಎರಡನೇ ಅಲೆ ಬಂದು ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡದ್ದು ಏಪ್ರಿಲ್ 27ರ ರಾತ್ರಿ. ಉಳಿದವರು ಅಲ್ಲೊಂದು ಇಲ್ಲೊಂದು ತಿಂಗಳು ಕಳೆದುಕೊಂಡರು ಎನ್ನಬಹುದು. ನಮಗೆ ಮಾತ್ರ ಎರಡು ವರ್ಷ ಪೂರ್ತಿ ಹೋಯಿತು.

ಜಿಲ್ಲೆಯಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 19ರಂದು. ಆ ಹೊತ್ತಿಗೆ ನಮ್ಮ ಟೂರ್ನಿಯ ಪೋಸ್ಟರ್ ಅಚ್ಚಾಗಿತ್ತು. ತಂಡಗಳಿಂದ ಮುಂಗಡ ಬಂದಿತ್ತು. ಟ್ರೋಫಿಗಳ ಮೇಲೆ ಇಸವಿ ಕೂಡ ಕೊರೆಸಿಯಾಗಿತ್ತು. ಕೆಲವೇ ದಿನಗಳಲ್ಲಿ ಮಾಕುಟ್ಟದ ಹತ್ತಿರ ಕೇರಳದ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ನಮ್ಮ ಗೋಲ್‌ಕೀಪರ್ ಗಡಿಯಾಚೆಯ ಇರಿಟ್ಟಿಯವನು. ಟೂರ್ನಿ ಬಂತೆಂದರೆ ಹಿಂದಿನ ದಿನವೇ ಬಸ್ಸು ಹತ್ತಿ ಘಾಟಿ ಏರಿ ಬರುತ್ತಿದ್ದ. ಆ ಮಣ್ಣಿನ ರಾಶಿಯ ಫೋಟೋ ಅವನ ಫೋನಿಗೂ ಹೋಗಿತ್ತು, ನನ್ನ ಫೋನಿಗೂ ಬಂದಿತ್ತು. "ಅಣ್ಣಾ, ಈ ಸಲ ಇಲ್ಲ ಅಲ್ವಾ?" ಎಂದು ಕೇಳಿದ. ಮಳೆಗಾಲ ಕಳೆದ ಮೇಲೆ ನೋಡೋಣ ಎಂದೆ. ಆಗ ನಾವೆಲ್ಲ ಹಾಗೇ ಅಂದುಕೊಂಡಿದ್ದೆವು.

ಸಣ್ಣ ಕ್ಲಬ್ಬು ನಡೆಯುವುದು ಹೇಗೆ ಎಂದು ಹಲವರಿಗೆ ಗೊತ್ತಿರುವುದಿಲ್ಲ. ನಮಗೆ ಟಿವಿಯವರ ಹಣ ಬರುವುದಿಲ್ಲ. ಮೈದಾನಕ್ಕೆ ಬೇಲಿ ಕಟ್ಟಿ, ಬಿದಿರಿನ ಒಂದು ಗೇಟು ಮಾಡಿ, ಪಕ್ಕದಲ್ಲಿ ಮೇಜು ಹಾಕಿ ಕೂರುತ್ತೇವೆ. ಟಿಕೆಟಿನ ಹಣ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯಿಂದಲೇ ರೆಫ್ರಿಗಳ ಸಂಭಾವನೆ, ಮೈಕಿನ ಬಾಡಿಗೆ, ಸುಣ್ಣದ ಪುಡಿಯ ದುಡ್ಡು. ಒಳಗೆ ಚಹಾ, ಆಮ್ಲೆಟ್ ಅಂಗಡಿ ನಮ್ಮ ಹುಡುಗರದ್ದೇ. ಅದರಲ್ಲಿ ಉಳಿದದ್ದು ಮುಂದಿನ ಮಳೆಗಾಲ ಕಳೆಯುವವರೆಗೆ ಚೆಂಡಿಗೆ, ಜೆರ್ಸಿಗೆ, ಯಾರಿಗಾದರೂ ಮಂಡಿ ಜಾರಿದರೆ ಆಸ್ಪತ್ರೆ ಖರ್ಚಿಗೆ. ಬೇಸಿಗೆಯ ಮೂರು ಭಾನುವಾರ ಜನ ಸೇರಿದರೆ ವರ್ಷ ನಡೆಯಿತು. ನನ್ನ ಪುಸ್ತಕದಲ್ಲಿ 2020ರ ಏಪ್ರಿಲ್ ಪುಟದಲ್ಲಿ ಜಮಾ ಕಡೆ ಏನೂ ಇಲ್ಲ. ಖರ್ಚಿನ ಕಡೆ ಒಂದೊಂದೇ ತಂಡದ ಹೆಸರು, ಎದುರಿಗೆ "ಮುಂಗಡ ವಾಪಸ್" ಎಂದು ಬರೆದಿದೆ. ಕೊನೆಯ ಎರಡು ತಂಡಕ್ಕೆ ಹಿಂತಿರುಗಿಸಲು ಡಬ್ಬಿಯಲ್ಲಿ ಹಣವಿರಲಿಲ್ಲ, ಹುಡುಗರು ತಮ್ಮ ತಮ್ಮ ಕೈಯಿಂದ ಹಾಕಿದರು. ಆ ತಿಂಗಳು ಅವರಿಗೇ ಕೂಲಿ ಇರಲಿಲ್ಲ.

ಮೇ 16ಕ್ಕೆ ಜರ್ಮನಿಯ ಮೇಲಿನ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗ ಮತ್ತೆ ಶುರುವಾಯಿತು, ಪ್ರೇಕ್ಷಕರಿಲ್ಲದೆ. ಖಾಲಿ ಸ್ಟೇಡಿಯಂ, ಚೆಂಡು ಕಂಬಕ್ಕೆ ಬಡಿದ ಸದ್ದು, ಕೋಚ್ ಕೂಗುವುದು ಎಲ್ಲ ಟಿವಿಯಲ್ಲಿ ಕೇಳುತ್ತಿತ್ತು. ಜೂನ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಹಾಗೆಯೇ ಬಂತು. ನೋಡಿ ಸಂತೋಷಪಟ್ಟೆ, ನಿಜ. ಆದರೆ ಆಗಲೇ ಒಂದು ವಿಷಯ ಮನಸ್ಸಿಗೆ ತಟ್ಟಿತು. ಅವರು ಗೇಟು ಮುಚ್ಚಿಯೂ ಆಡಬಲ್ಲರು, ಏಕೆಂದರೆ ಅವರ ದೊಡ್ಡ ಆದಾಯ ಬರುವುದು ಕ್ಯಾಮೆರಾದಿಂದ. ಗೇಟಿನಿಂದಲೇ ಅನ್ನ ಉಣ್ಣುವ ಕ್ಲಬ್ಬಿಗೆ ಪ್ರೇಕ್ಷಕರಿಲ್ಲದೆ ಆಡಿ ಎಂದರೆ, ಖರ್ಚು ಮಾತ್ರ ಮಾಡಿ ಎಂದಂತೆ. ಆಟಗಾರರಿಗೆ ಸಂಬಳ, ಬಸ್ಸು, ಮೇಲಿಂದ ಕೊರೊನಾ ಪರೀಕ್ಷೆಯ ದುಡ್ಡು.

ಅದೇ ಇಂಗ್ಲೆಂಡಿನಲ್ಲಿ ಕೆಳಗಿನ ಹಂತಗಳಲ್ಲಿ ಆದದ್ದು ನೋಡಿ. ಮೂರನೇ ಮತ್ತು ನಾಲ್ಕನೇ ಹಂತದ ಲೀಗ್ ಒನ್, ಲೀಗ್ ಟು ಕ್ಲಬ್ಬುಗಳು ಜೂನ್ 9ಕ್ಕೆ ಮತ ಹಾಕಿ ಸೀಸನ್ ಅಲ್ಲಿಗೇ ಮುಗಿಸಿದವು. ಆಡಿದ ಪಂದ್ಯಗಳಿಗೆ ಸರಾಸರಿ ಅಂಕ ತೆಗೆದು ಸ್ಥಾನ ಹಂಚಿದರು. ಇನ್ನೂ ಕೆಳಗಿನ ಹಂತಗಳಲ್ಲಿ ಮಾರ್ಚ್ 26ಕ್ಕೇ ಫುಟ್‌ಬಾಲ್ ಸಂಸ್ಥೆ ಸೀಸನ್ನಿನ ಫಲಿತಾಂಶಗಳನ್ನೆಲ್ಲ ದಾಖಲೆಯಿಂದಲೇ ಅಳಿಸುವುದಾಗಿ ಹೇಳಿಬಿಟ್ಟಿತು. ಜೆರ್ಸಿ ಬುಲ್ಸ್ ಎಂದು ಒಂದು ಕ್ಲಬ್ ಇದೆ, ಜೆರ್ಸಿ ದ್ವೀಪದ್ದು. ಹತ್ತನೇ ಹಂತದಲ್ಲಿ ಅದು ಅವರ ಮೊದಲ ಸೀಸನ್. ಲೀಗಿನಲ್ಲಿ 27 ಪಂದ್ಯ ಆಡಿ 27ನ್ನೂ ಗೆದ್ದಿದ್ದರು. ಮೇಲಿನ ಹಂತಕ್ಕೆ ಬಡ್ತಿ ಖಚಿತವಾಗಿತ್ತು. ಎಲ್ಲ ಅಳಿಸಿ ಹೋಯಿತು. ಸರಾಸರಿ ಲೆಕ್ಕವನ್ನಾದರೂ ಒಪ್ಪಬಹುದು. ಆಡಿ ಗೆದ್ದದ್ದನ್ನೇ ಆಡಿಲ್ಲ ಎನ್ನುವುದನ್ನು ನಾನು ಇವತ್ತಿಗೂ ಒಪ್ಪಲಾರೆ. ಅಂಥ ಹಂತದಲ್ಲಿ ಆಡುವವನಿಗೆ ಹಣವೂ ಹೆಸರೂ ಸಿಗುವುದಿಲ್ಲ. ಕೊನೆಗೆ ಅವನ ಪಾಲಿಗೆ ಉಳಿಯುವುದು ಆ ಪಟ್ಟಿಯಲ್ಲಿನ ಗೆಲುವು ಒಂದೇ.

ಮ್ಯಾಕಲ್ಸ್‌ಫೀಲ್ಡ್ ಟೌನ್ ಎಂಬ ಕ್ಲಬ್ 1874ರದು. 2020ರ ಸೆಪ್ಟೆಂಬರ್‌ನಲ್ಲಿ ಸಾಲದ ಹೊರೆಯಿಂದ ಕೋರ್ಟು ಅದನ್ನು ಮುಚ್ಚಿಸಿತು. ಇದನ್ನು ಕೊರೊನಾದ ತಲೆಗೆ ಪೂರ್ತಿ ಕಟ್ಟಿದರೆ ತಪ್ಪಾಗುತ್ತದೆ. ಸಂಬಳ ಬಾಕಿ, ತೆರಿಗೆ ಬಾಕಿ ಮೊದಲಿನಿಂದಲೂ ಇತ್ತು. ನಮ್ಮಲ್ಲಿ 2018ರ ಮಳೆಗೆ ಗುಡ್ಡ ಜಾರಿದಾಗ ಬಿರುಕು ಬಿಟ್ಟಿದ್ದ ಮನೆ ಮುಂದಿನ ವರ್ಷದ ಮಳೆಗೆ ಬಿದ್ದ ಹಾಗೆ. ಅಲ್ಲಿನ ಜನ ಮಾತ್ರ ಬಿಡಲಿಲ್ಲ. ಅದೇ ಊರಿನಲ್ಲಿ ಹೊಸ ಕ್ಲಬ್ ಹುಟ್ಟಿ, 2021ರಲ್ಲಿ ಒಂಬತ್ತನೇ ಹಂತದಿಂದ ಆಟ ಶುರು ಮಾಡಿ, ಮೊದಲ ವರ್ಷವೇ ಆ ಲೀಗ್ ಗೆದ್ದಿತು.

ನನಗೆ ಅತ್ಯಂತ ಇಷ್ಟವಾದ ಸಂಗತಿ ಲಿವರ್‌ಪೂಲ್ ಪಕ್ಕದ ಕ್ರಾಸ್ಬಿ ಎಂಬ ಊರಿನದು. ಅಲ್ಲಿಯ ಮರೀನ್ ಕ್ಲಬ್ ಆಗ ಎಂಟನೇ ಹಂತದಲ್ಲಿತ್ತು. ದೊಡ್ಡ, ಸಣ್ಣ ಕ್ಲಬ್ಬುಗಳೆಲ್ಲ ಆಡುವ ಎಫ್‌ಎ ಕಪ್‌ನಲ್ಲಿ ಒಂದೊಂದೇ ಸುತ್ತು ದಾಟಿ ಬಂದು 2021ರ ಜನವರಿ 10ರಂದು ಪ್ರೀಮಿಯರ್ ಲೀಗಿನ ಟಾಟನ್‌ಹ್ಯಾಮ್ ಎದುರು ಆಡುವ ಅದೃಷ್ಟ ಅದಕ್ಕೆ ಸಿಕ್ಕಿತು. ಮೈದಾನ ಎಷ್ಟು ಸಣ್ಣದೆಂದರೆ ಒಂದು ಬದಿಗೆ ಮನೆಗಳ ಹಿತ್ತಿಲು ತಾಗಿಕೊಂಡೇ ಇದೆ. ಬೇರೆ ವರ್ಷವಾಗಿದ್ದರೆ ಆ ಒಂದು ದಿನದ ಗೇಟ್ ಕಲೆಕ್ಷನ್ ಸಾಕಿತ್ತು. ಆದರೆ ಜನ ಒಳಗೆ ಬರುವಂತಿಲ್ಲ. ಆಗ ಕ್ಲಬ್ಬಿನವರು ಹತ್ತು ಪೌಂಡಿಗೆ ಒಂದರಂತೆ, ಯಾರನ್ನೂ ಒಳಗೆ ಬಿಡದ ಟಿಕೆಟ್ ಮಾರಿದರು. 30,000ಕ್ಕಿಂತ ಹೆಚ್ಚು ಟಿಕೆಟ್ ಹೋಯಿತು! ಪಂದ್ಯ ಐದು–ಸೊನ್ನೆಯಿಂದ ಸೋತರು. ಕ್ಲಬ್ ಉಳಿಯಿತು. ಮರುತಿಂಗಳೇ ಅವರು ಆಡುತ್ತಿದ್ದ ಲೀಗ್ ಆ ವರ್ಷಕ್ಕೆ ಮತ್ತೆ ನಿಂತುಹೋಯಿತು.

ದೊಡ್ಡವರು ಕೈಕೊಡಲಿಲ್ಲವೇ ಎಂದರೆ, ಕೊಟ್ಟರು, ತಡವಾಗಿ. 2020ರ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್‌ನಿಂದ ಮೂರು, ನಾಲ್ಕನೇ ಹಂತದ ಕ್ಲಬ್ಬುಗಳಿಗೆ ಐದು ಕೋಟಿ ಪೌಂಡ್ ನೆರವಿನ ಒಪ್ಪಂದವಾಯಿತು. ಅದರ ಕೆಳಗಿನ ನ್ಯಾಷನಲ್ ಲೀಗ್‌ಗೆ ಮೊದಲು ಲಾಟರಿ ಸಂಸ್ಥೆಯಿಂದ ಒಂದು ಕೋಟಿ ಪೌಂಡ್ ಉಚಿತವಾಗಿ ಬಂತು. ಅದು ಮುಗಿದ ಮೇಲೆ ಇನ್ನು ಸಾಲವಾಗಿ ತೆಗೆದುಕೊಳ್ಳಿ ಎಂದರು. ಉತ್ತರ, ದಕ್ಷಿಣ ವಿಭಾಗದ ಕ್ಲಬ್ಬುಗಳು ಸಾಲ ಮಾಡಿ ಆಡುವುದು ಬೇಡವೆಂದು 2021ರ ಫೆಬ್ರವರಿಯಲ್ಲಿ ಆಟ ನಿಲ್ಲಿಸಲು ಮತ ಹಾಕಿದವು. ಲೆಕ್ಕ ಬರೆಯುವವನಾಗಿ ನಾನು ಅವರ ಪರ. ಖಾಲಿ ಮೈದಾನದಲ್ಲಿ ಆಡಲು ಮಾಡಿದ ಸಾಲವನ್ನು ತೀರಿಸುವವರು ಯಾರು?

ನಮ್ಮ ದೇಶದಲ್ಲೂ ಮೇಲಿನ ಲೀಗ್ ಗೋವಾದಲ್ಲಿ, ಬಬಲ್ ಒಳಗೆ, ಅಂದರೆ ಆಟಗಾರರನ್ನು ಹೊರಗಿನವರಿಂದ ಬೇರೆಯಾಗಿ ಇರಿಸಿ, ನಡೆಯಿತು. ಐ-ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಲೀಗ್ 2019–20ರಲ್ಲಿ ಕೊನೆಯ ಸುತ್ತುಗಳಿಗೆ ಮೊದಲೇ ನಿಂತು, ಪ್ರಶಸ್ತಿಯನ್ನು ಆಗಲೇ ಖಚಿತ ಮಾಡಿಕೊಂಡಿದ್ದ ಮೋಹನ್ ಬಗಾನ್ ಚಾಂಪಿಯನ್ ಎಂದಾಯಿತು. ಎರಡನೇ ಡಿವಿಷನ್ನಿನ ಐದು ತಂಡಗಳನ್ನು ಅಕ್ಟೋಬರ್‌ನಲ್ಲಿ ಬಂಗಾಳಕ್ಕೆ ಕರೆಸಿ ಆಡಿಸಿದರು. ನಮ್ಮ ರಾಜ್ಯದಿಂದ ಎಫ್‌ಸಿ ಬೆಂಗಳೂರು ಯುನೈಟೆಡ್ ಹೋಗಿತ್ತು, ಗೆದ್ದದ್ದು ಮೊಹಮ್ಮಡನ್. ಅದಕ್ಕೂ ಕೆಳಗೆ, ಊರೂರಿನ ಕ್ಲಬ್ಬುಗಳಿಗೆ ಬಬಲ್ ಎಲ್ಲಿಂದ ಬರಬೇಕು? ಕೇರಳದ ಸೆವೆನ್ಸ್, ಅಂದರೆ ಏಳೇಳು ಮಂದಿಯ ಫುಟ್‌ಬಾಲ್, ಆಡಲು ಆಫ್ರಿಕಾದಿಂದ ಬಂದಿದ್ದ ಹುಡುಗರು ಮಲಪ್ಪುರದ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಹಾಕಿಕೊಂಡರು. ಆಟವಿದ್ದರೆ ಮಾತ್ರ ಅವರಿಗೆ ಹಣ. ಕೇರಳದ ಕ್ಲಬ್ಬಿಗೆ ಆಡಲು ಬಂದಿದ್ದ ಘಾನಾದ ಒಬ್ಬ ಯುವಕ ಊರಿಗೆ ಹೊರಟು ಮುಂಬೈ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ವಿಮಾನಗಳು ನಿಂತವು. 74 ದಿನ ಅಲ್ಲೇ ಕಳೆದ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಟೂರ್ನಿಗೂ ಕೇರಳದ ಕಡೆಯಿಂದ ಅತಿಥಿ ಆಟಗಾರರು ಬರುತ್ತಾರಲ್ಲ, ಅವರನ್ನು ಕರೆಸುವ ನಾವು ಅವರು ಮನೆ ತಲುಪಿದರೇ ಎಂದು ಎಷ್ಟು ಸಲ ಕೇಳಿದ್ದೇವೆ? ಈಗ ಪ್ರತಿಯೊಬ್ಬನಿಗೂ ಫೋನ್ ಮಾಡಿ ಕೇಳುತ್ತೇನೆ.

ಲಾಕ್‌ಡೌನಿನಲ್ಲಿ ನಮ್ಮ ಹುಡುಗರು ಸುಮ್ಮನೆ ಕೂರಲಿಲ್ಲ. ಲೈನ್ ಮನೆಗಳಿಗೆ ಅಕ್ಕಿ, ಬೇಳೆ ಹೊತ್ತರು. ಒಬ್ಬಂಟಿ ಹಿರಿಯರಿಗೆ ಪೇಟೆಯಿಂದ ಬಿಪಿ ಮಾತ್ರೆ ತಂದುಕೊಟ್ಟರು. ಚೆಂಡುಗಳು ಮಾತ್ರ ಗೋಣಿಚೀಲದಲ್ಲೇ ಇದ್ದವು.

2022ರ ಬೇಸಿಗೆಗೆ ಮೈದಾನಕ್ಕೆ ಹೋದಾಗ ಪೆನಾಲ್ಟಿ ಬಾಕ್ಸಿನ ತುಂಬ ಮುಟ್ಟಿದರೆ ಮುನಿ ಹಬ್ಬಿತ್ತು. ಬರಿಗಾಲಲ್ಲಿ ಹೆಜ್ಜೆ ಇಡುವ ಹಾಗಿಲ್ಲ. ಎರಡು ಭಾನುವಾರ ಗುದ್ದಲಿ ಹಿಡಿದು ಬೇರು ಸಹಿತ ಕಿತ್ತೆವು. ಗೋಲಿನ ಬಲೆಯನ್ನು ಇಲಿ ಕಡಿದಿತ್ತು. ಚೆಂಡಿನ ಮೇಲೆ ಬೂಷ್ಟು ಬಂದಿತ್ತು. ಅದೇ ಏಪ್ರಿಲ್ ಕೊನೆಗೆ ಕೇರಳದ ಮಂಜೇರಿಯಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಸೆಮಿಫೈನಲ್, ಕರ್ನಾಟಕಕ್ಕೂ ಕೇರಳಕ್ಕೂ. ನಮ್ಮವರು ಏಳು–ಮೂರರಿಂದ ಸೋತರು. ಆದರೂ ತುಂಬಿದ ಆ ಗ್ಯಾಲರಿಯ ಗದ್ದಲ ಕೇಳಿ ನನ್ನ ಕಣ್ಣು ತುಂಬಿತು. ಮರುವರ್ಷ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಅದೇ ಟ್ರೋಫಿ ಗೆದ್ದಿತು, 54 ವರ್ಷಗಳ ಮೇಲೆ.

ಬಲೆ ಹೊಸದು ತರಬಹುದು, ಮುಳ್ಳು ಕೀಳಬಹುದು. ವಯಸ್ಸನ್ನು ಹಿಂದೆ ತರಲಾಗುವುದಿಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ನಡೆಯಬೇಕಿದ್ದ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು. 2022ರಲ್ಲಿ ನಡೆದಾಗ, ಅದಕ್ಕೆಂದೇ ತಯಾರಾಗಿದ್ದ ಹಿರಿಯ ಹುಡುಗಿಯರ ವಯಸ್ಸು ಮೀರಿತ್ತು. ನಮ್ಮಲ್ಲೂ ಅಂಥವನೊಬ್ಬನಿದ್ದ. ಲೈನ್ ಮನೆಯ ಹುಡುಗ, ಎಡಗಾಲಿನವನು, 2020ರಲ್ಲಿ ಹದಿನಾರು. ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಹೋಗುವುದಿತ್ತು. ಅದಕ್ಕೆಂದು ಅವನಮ್ಮ ಕಾಫಿ ಕೊಯ್ದ ದುಡ್ಡಿನಲ್ಲಿ ಬೂಟು ಕೊಡಿಸಿದ್ದರು, ಎರಡು ವರ್ಷ ಬರಲಿ ಎಂದು ಒಂದು ಸೈಜು ದೊಡ್ಡದು.

ಟ್ರಯಲ್ಸ್ ಆ ವರ್ಷ ನಡೆಯಲಿಲ್ಲ, ಮರುವರ್ಷವೂ ನಡೆಯಲಿಲ್ಲ. ಅಷ್ಟರಲ್ಲಿ ಅವನು ಮರ ಹತ್ತಿ ಮೆಣಸು ಕೊಯ್ಯುವ ಕೆಲಸಕ್ಕೆ ಸೇರಿದ್ದ. 2022ರಲ್ಲಿ ಮುಳ್ಳು ಕಿತ್ತ ದಿನ ಬೂಟು ಹಿಡಿದುಕೊಂಡು ಬಂದ. ಕಟ್ಟೆಯ ಮೇಲೆ ಕೂತು ಹಾಕಿಕೊಳ್ಳಲು ನೋಡಿದ, ಹಿಮ್ಮಡಿ ಒಳಗೆ ಹೋಗಲಿಲ್ಲ. ಅಡಿಯ ಸ್ಟಡ್‌ಗಳು ಒಂದಿಷ್ಟೂ ಸವೆದಿರಲಿಲ್ಲ. ಲೇಸು ಸಡಿಲಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಬರಿಗಾಲಲ್ಲೇ ಆಡಿದ.

ಈಗಲೂ ಭಾನುವಾರ ಬಿಡುವಾದರೆ ಬಂದು ಆಡುತ್ತಾನೆ. ಬೂಟು ಅವನ ತಮ್ಮನ ಕಾಲಿಗೆ ಹೋಯಿತು. ಮೊದಲ ವರ್ಷ ಮುಂದೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಿದ್ದ ಅವನಿಗೆ, ಎರಡನೇ ಬೇಸಿಗೆಯಲ್ಲಿ ಸರಿಯಾಗಿ ಹಿಡಿಯಿತು.

ನಮಸ್ಕಾರ.