ನೂರೆಂಟರಲ್ಲಿ ಒಂದು ಕಮಲ ಇರಲಿಲ್ಲ

ಇದು ಅಮ್ಮನ ಹಿತ್ತಾಳೆ ಡಬ್ಬಿ. ವರ್ಷಕ್ಕೊಂದೇ ಸಲ, ವರಮಹಾಲಕ್ಷ್ಮಿ ಹಬ್ಬದ ವಾರ ಅಟ್ಟದಿಂದ ಕೆಳಗಿಳಿಯುತ್ತೆ. ಒಳಗೆ 108 ಕಾಸು, ಎಲ್ಲಾ ಇಪ್ಪತ್ತು ಪೈಸೆಯವು, ಎಲ್ಲದರಲ್ಲೂ ಕಮಲದ ಚಿತ್ರ ಇದೆ ಅಂತಲೇ ಅಂದುಕೊಂಡಿದ್ವಿ. ಅಷ್ಟೋತ್ತರದ ಒಂದೊಂದು ನಾಮಕ್ಕೆ ಒಂದೊಂದು ಕಾಸು ಕಲಶದ ಮುಂದೆ ಬೀಳಬೇಕು. ಅಜ್ಜಿ ಕೂಡಿಟ್ಟಿದ್ದು, ಅಮ್ಮ ಕಾಪಾಡಿಕೊಂಡು ಬಂದಿದ್ದು.

ಕ್ಯಾಮೆರಾ ಹತ್ತಿರ ಹಿಡಿದಾಗಲೇ ಗೊತ್ತಾಗಿದ್ದು. ನೋಡಿ, ಇದರಲ್ಲಿ ಕಮಲ ಇಲ್ಲ, ಗಾಂಧೀಜಿ ಇದ್ದಾರೆ. 1869, 1948 ಅಂತ ಇದೆಯಲ್ಲ, ಅದು ಅಚ್ಚಾದ ವರ್ಷ ಅಲ್ಲ, ಅವರ ಜನನ, ಮರಣದ ವರ್ಷ. ಶತಮಾನೋತ್ಸವ ಅಂತ 1969ರಲ್ಲಿ ಬಂದ ನಾಣ್ಯ ಇದು. ಬಣ್ಣ ಒಂದೇ ಥರ ಇರೋದರಿಂದ ಇಷ್ಟು ವರ್ಷ ಬೆರೆತುಹೋಗಿತ್ತು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. "ದೇವಿಗೆ ಕಮಲದ್ದೇ ಆಗಬೇಕು ಕಣೋ, ಇನ್ನೊಂದು ಹುಡುಕು" ಅಂದರು.

ಉಳಿದ 107 ಕೂಡ ಒಂದೇ ಥರದವಲ್ಲ. ಬರೀ ಕಮಲ ಇರೋದು 1968ರಿಂದ 1971ರವರೆಗಿನ ಮಾಮೂಲಿ ನಾಣ್ಯ. ಕಮಲದ ಜೊತೆ ಸೂರ್ಯ ಇದ್ದು, 'ಫುಡ್ ಫಾರ್ ಆಲ್' ಅಂತ ಬರೆದಿದ್ದರೆ ಅದು 1970, 71ರ ವಿಶೇಷ ನಾಣ್ಯ. ಇನ್ನು ಇಸವಿಯ ಕೆಳಗೆ ಸಾಸಿವೆಕಾಳಿಗಿಂತ ಚಿಕ್ಕ ಗುರುತು ಹುಡುಕಿ. ವಜ್ರದಾಕಾರ ಇದ್ದರೆ ಬೊಂಬಾಯಿ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕಲ್ಕತ್ತಾ. ಬರಿಗಣ್ಣಿಗೆ ಸಿಗಲ್ಲ. ನಾನು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ.

ಚಿನ್ನದ ಮಾತಿಗೆ ಬರೋಣ. ಇದರಲ್ಲಿ ಚಿನ್ನ ಇದೆ ಅಂತ ನಮ್ಮಜ್ಜಿಯ ಊರಲ್ಲಿ ಎಲ್ಲರೂ ನಂಬಿದ್ದರು, ಉಂಗುರ ಮಾಡಿಸಿಕೊಂಡವರೂ ಇದ್ದರು. ಚಿನ್ನ ಇಲ್ಲ. ತಾಮ್ರವೇ ಹೆಚ್ಚಿರುವ ಮಿಶ್ರಲೋಹ. ಹೊಳಪು ನೋಡಿ ಹಾಗನ್ನಿಸೋದು ಸಹಜ.

ಹಾಗಾದರೆ ಬೆಲೆ ಎಷ್ಟು? ನಾಣ್ಯವಾಗಿ ಈಗ ಏನೂ ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು. ಉಳಿದಿರೋದು ಸಂಗ್ರಹಕಾರರು ಕೊಡೋ ಬೆಲೆ, ಪೂಜೆಯವರು ಕೊಡೋ ಬೆಲೆ. ಬೆಂಗಳೂರಿನ ಒಂದು ನಾಣ್ಯ ಮೇಳಕ್ಕೆ ಅಮ್ಮನ ನಾಲ್ಕು ಕಾಸು ತಗೊಂಡು ಹೋದೆ. ವ್ಯಾಪಾರಿ ಒಂದನ್ನು ಅಂಚಲ್ಲಿ ಹಿಡಿದು, ಹೊರಳಿಸಿ ನೋಡಿ, "ಹುಣಸೆಹಣ್ಣು ಹಾಕಿ ತಿಕ್ಕಿದ್ದೀರಲ್ಲ ಸಾರ್" ಅಂದರು. ಐವತ್ತು ವರ್ಷದ ತಿಕ್ಕಾಟಕ್ಕೆ ದಳಗಳ ಗೆರೆಗಳೇ ಸವೆದಿದ್ದವು, ಆ ಕಡೆ ಸಿಂಹಗಳ ಮುಖ ನುಣ್ಣಗಾಗಿತ್ತು. ಇಂಥವಕ್ಕೆ ಹತ್ತು, ಹದಿನೈದು ರೂಪಾಯಿ ಅಂತ ಹೇಳಿದರು. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ಒಂದು ತೆಗೆದು ತೋರಿಸಿದರು: ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಪ್ರತಿ ದಳದ ಗೆರೆ ಎದ್ದು ಕಾಣ್ತಿತ್ತು. ಅದಕ್ಕೆ ನೂರಿಪ್ಪತ್ತು. ಆ ಕಂದು ಬಣ್ಣ ಕೊಳೆಯಲ್ಲ, ಲೋಹ ತಾನಾಗಿ ಪಡೆದ ಮೈಬಣ್ಣ. ಸಂಗ್ರಹಕ್ಕೆ ಇಡೋದಾದರೆ ದಯವಿಟ್ಟು ಯಾವ ನಾಣ್ಯವನ್ನೂ ತೊಳೆಯಬೇಡಿ.

ಲಕ್ಷಗಟ್ಟಲೆ ಬರುತ್ತೆ ಅನ್ನೋ ವಿಡಿಯೋಗಳನ್ನ ನಂಬಲೇಬೇಡಿ. ನಮ್ಮ ಚಿಕ್ಕಪ್ಪ ಅಂಥ ವಿಡಿಯೋದಲ್ಲಿದ್ದ ನಂಬರಿಗೆ ಇಂಥದ್ದೇ ಹಳೇ ಕಾಸಿನ ಫೋಟೋ ಕಳಿಸಿದ್ದಕ್ಕೆ, ಮೊದಲು ತೆರಿಗೆ ಅಂತ ಎರಡು ಸಾವಿರ ಕಟ್ಟಿ ಅಂದರಂತೆ. ಕಟ್ಟಿದರು. ಆಮೇಲೆ ಆ ನಂಬರ್ ಸಿಗಲೇ ಇಲ್ಲ. ಅವರು ಇವತ್ತಿಗೂ ಆ ವಿಷಯ ಎತ್ತಿದರೆ ತಲೆ ತಗ್ಗಿಸ್ತಾರೆ, ನನಗೆ ಹೊಟ್ಟೆ ಉರಿಯುತ್ತೆ. ರಿಸರ್ವ್ ಬ್ಯಾಂಕ್ ತನ್ನ ಹೆಸರಲ್ಲಿ ಹೀಗೆ ಹಣ ಕೇಳೋರ ಬಗ್ಗೆ 2021ರಲ್ಲೇ ಎಚ್ಚರಿಸಿತ್ತು. ಕೊಳ್ಳೋರು ನಿಮಗೆ ಹಣ ಕೊಡಬೇಕು, ನಿಮ್ಮಿಂದ ಕೇಳಬಾರದು.

ಮೇಳದಲ್ಲಿ ಎರಡು ಕಾಸು ತಗೊಂಡೆ. ಹದಿನೈದು ರೂಪಾಯಿಯದನ್ನು ಅಮ್ಮನ ಕೈಗೆ ಕೊಟ್ಟೆ. ನೇರ ಹುಣಸೆಹುಳಿಯ ಬಟ್ಟಲಿಗೆ ಹಾಕಿದರು. ಕಂದು ಬಣ್ಣದ್ದನ್ನು ತೋರಿಸಿದಾಗ, "ಇದನ್ಯಾಕೆ ಹಾಗೇ ಬಿಟ್ಟೆ? ಕೊಡು, ತೊಳೆದು ಕೊಡ್ತೀನಿ" ಅಂತ ಕೈ ಚಾಚಿದರು.

ಅದು ಈಗ ಕವರಿನಲ್ಲಿ, ನನ್ನ ಮೇಜಿನ ಡ್ರಾಯರಲ್ಲಿದೆ. ಗಾಂಧೀಜಿಯ ಕಾಸೂ ಅದರ ಜೊತೆಗಿದೆ. ಶುಕ್ರವಾರ ಬೆಳಿಗ್ಗೆ ತಟ್ಟೆಯಲ್ಲಿ ಎಣಿಸಿದ್ವಿ, 108 ಕಮಲ.