47 ಕೀಗಳಲ್ಲಿ ಕನ್ನಡ ಹಿಡಿಸುತ್ತಾ?

ನಮಸ್ಕಾರ. ನಲವತ್ತು ಪರ್ಸೆಂಟ್ ಕೀಬೋರ್ಡ್, ಅಂದ್ರೆ ಮಾಮೂಲಿ ಕೀಬೋರ್ಡಿನ ಅರ್ಧಕ್ಕಿಂತ ಕಡಿಮೆ ಕೀ ಇರೋ ಪುಟ್ಟ ಕೀಬೋರ್ಡ್ ಬಗ್ಗೆ ಯಾವ ರಿವ್ಯೂ ನೋಡಿದ್ರೂ ಒಂದೇ ರಾಗ. ನೋಡೋಕೆ ಮುದ್ದಾಗಿದೆ, ಟೇಬಲ್ ಮೇಲೆ ಜಾಗ ಉಳಿಯುತ್ತೆ, ಸದ್ದು ಕೇಳೋಕೆ ಮಜಾ. ಅವರ್ಯಾರೂ ಕನ್ನಡ ಟೈಪ್ ಮಾಡೋರಲ್ಲ, ಹಾಗಾಗಿ ನಮಗೆ ಬೇಕಾದ ಪ್ರಶ್ನೆ ಅವರಿಗೆ ಹೊಳೆಯೋದೇ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿ ವಿನ್ಯಾಸದಲ್ಲಿ, ಅಂದ್ರೆ ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಕೈ ಪಳಗಿದವರಿಗೆ ಈ ಪುಟ್ಟ ಕೀಬೋರ್ಡ್ ಹೇಳಿ ಮಾಡಿಸಿದ ಹಾಗಿದೆ. ಇನ್‌ಸ್ಕ್ರಿಪ್ಟ್, ಅಂದ್ರೆ ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿಯಲ್ಲಿ ಮಾಡಿರೋ ಕೀಲಿ ವಿನ್ಯಾಸ ಬಳಸೋರು ದುಡ್ಡು ಜೇಬಲ್ಲೇ ಇಟ್ಕೊಳ್ಳಿ.

ಇದನ್ನ ನೋಡೇ ಇಲ್ಲದವರಿಗೆ ಎರಡು ಮಾತು. ಆಫೀಸಿನ ಮಾಮೂಲಿ ಕೀಬೋರ್ಡಲ್ಲಿ 104 ಕೀ ಇರುತ್ತೆ. ಪ್ಲ್ಯಾಂಕ್ ಅನ್ನೋ ಮಾಡೆಲ್‌ನಲ್ಲಿ 47 ಅಥವಾ 48. ನಾಲ್ಕೇ ಸಾಲು, ಕೀಗಳು ಒಂದರ ಕೆಳಗೊಂದು ನೆಟ್ಟಗೆ. ಕೀ ಚಿಕ್ಕದಾಗಿಲ್ಲ, ಒಂದರಿಂದ ಇನ್ನೊಂದಕ್ಕೆ ಅದೇ 19.05 ಮಿಲಿಮೀಟರ್. ಕಡಿಮೆಯಾಗಿರೋದು ಸಂಖ್ಯೆ ಮಾತ್ರ. ಎಫ್1, ಎಫ್2 ಇರೋ ಸಾಲು ಇಲ್ಲ, ನಂಬರ್ ಸಾಲು ಇಲ್ಲ, ನಂಬರ್‌ಪ್ಯಾಡ್ ಅಂತೂ ಇಲ್ಲವೇ ಇಲ್ಲ. ಅವೆಲ್ಲ ಲೇಯರ್‌ಗಳಲ್ಲಿ ಕೂತಿವೆ. ಸ್ಪೇಸ್‌ಬಾರ್ ಪಕ್ಕದ ಕೀಯನ್ನ ಹೆಬ್ಬೆರಳಲ್ಲಿ ಹಿಡಿದು ಕ್ಯೂ ಒತ್ತಿದ್ರೆ 1, ಡಬ್ಲ್ಯೂ ಒತ್ತಿದ್ರೆ 2.

ವಿಚಿತ್ರ ಅನ್ನಿಸ್ತಾ? ಶಿಫ್ಟ್ ಕೀ ಕೂಡ ಲೇಯರೇ ಅಲ್ವಾ! 1878ರ ರೆಮಿಂಗ್ಟನ್ ನಂಬರ್ 2 ಟೈಪ್‌ರೈಟರ್‌ನಲ್ಲೇ ಅದು ಬಂದಾಯ್ತು. ಈಗ ಕ್ಯೂಎಂಕೆ ಅನ್ನೋ ಉಚಿತ ಫರ್ಮ್‌ವೇರ್ (ಕೀಬೋರ್ಡ್ ಒಳಗೇ ಓಡೋ ತಂತ್ರಾಂಶ) ಹಾಕಿದ್ರೆ 32 ಲೇಯರ್‌ವರೆಗೂ ಮಾಡ್ಕೋಬಹುದು. ನನಗೆ ಮೂರು ಸಾಕು. ಹತ್ತು ಲೇಯರ್ ಮಾಡ್ಕೊಂಡವರೂ ಇದ್ದಾರೆ, ಯಾವ ಲೇಯರಲ್ಲಿ ಏನಿಟ್ಟಿದ್ದೀವಿ ಅಂತ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ಕೊಂಡಿರ್ತಾರೆ. ಅವರ ಖುಷಿ ಅವರಿಗೆ.

ಈಗ ಅಸಲು ವಿಷಯ. ಬೇರೆ ಪದ ಬೇಡ, "ಕನ್ನಡ" ಅಂತಲೇ ಟೈಪ್ ಮಾಡಿ ನೋಡೋಣ. ಇನ್‌ಸ್ಕ್ರಿಪ್ಟ್‌ನಲ್ಲಿ ಕ ಇರೋದು ಕೆ ಕೀಯಲ್ಲಿ, ನ ಇರೋದು ವಿಯಲ್ಲಿ, ಒತ್ತಕ್ಷರಕ್ಕೆ ಬೇಕಾದ ಹಲಂತ ಡಿಯಲ್ಲಿ. ಇಲ್ಲೀವರೆಗೂ ತೊಂದರೆ ಇಲ್ಲ. ಡ ಎಲ್ಲಿದೆ? ಪಿ ಪಕ್ಕದ ಚೌಕ ಬ್ರ್ಯಾಕೆಟ್ ಕೀಯಲ್ಲಿ. ಪ್ಲ್ಯಾಂಕ್‌ನಲ್ಲಿ ಪಿ ಪಕ್ಕ ಇರೋದು ಬ್ಯಾಕ್‌ಸ್ಪೇಸ್! ಬೆರಳು ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತೆ, ಡ ಬರೋ ಬದಲು ಹಿಂದಿನ ಒತ್ತಕ್ಷರವೇ ಹಾರಿ "ಕನ್" ಅಂತ ಉಳಿಯುತ್ತೆ. ಡ ಬೇಕು ಅಂದ್ರೆ ಪ್ರತಿ ಸಲ ಲೇಯರ್ ಹಿಡೀಬೇಕು. ಮಾಡಿದ, ನೋಡಿದ, ಹಾಡು, ಬೇಡ... ಯೋಚನೆ ಮಾಡಿ. ಇಂಗ್ಲಿಷ್‌ನವರಿಗೆ ಆ ಕೀ ಅಪರೂಪದ ಬ್ರ್ಯಾಕೆಟ್, ನಮಗೆ ಅದು ಉಸಿರಿಗೊಂದು ಸಲ ಬರೋ ಅಕ್ಷರ.

ಅದೇ ಪದ ಕೆ.ಪಿ. ರಾವ್ ವಿನ್ಯಾಸದಲ್ಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಮುಗೀತು. ಟ, ಡ ಎರಡಕ್ಕೂ ಕ್ಯೂ, ಡಬ್ಲ್ಯೂ ಕೊಟ್ಟಿದ್ದಾರೆ. ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್, ನ ಇದ್ದ ಕಡೆಯೇ ಶಿಫ್ಟ್ ಹಿಡಿದ್ರೆ ಣ. ಇಡೀ ವರ್ಣಮಾಲೆ 26 ಕೀಗಳ ಒಳಗೇ ಕೂತುಬಿಟ್ಟಿದೆ. ಮುಂದೆ ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತ ವಿನ್ಯಾಸ ಅಂತ ಒಪ್ಪಿಕೊಳ್ತು. ಹೊರಗಿನವರು ಲೇಯರ್ ಲೇಯರ್ ಅಂತ ಈಗ ಸಂಭ್ರಮ ಪಡ್ತಿದ್ದಾರೆ, ನುಡಿ ಕಲಿತ ಡಿಟಿಪಿ ಹುಡುಗರು ಅದನ್ನೇ ಎಷ್ಟೋ ವರ್ಷದಿಂದ ಮಾಡ್ತಾ ಬಂದಿದ್ದಾರೆ.

ಆದ್ರೆ ಒಂದು ಗುಂಡಿ ಇದೆ, ನುಡಿಯವರು ಹುಷಾರಾಗಿರಿ. ಪುಟ್ಟ ಕೀಬೋರ್ಡ್ ತಗೊಂಡ ಕೂಡಲೇ ಎಲ್ಲರೂ ಕೊಡೋ ಸಲಹೆ ಏನಂದ್ರೆ, ಮಧ್ಯದ ಸಾಲಿನ ಅಕ್ಷರಗಳಿಗೇ ಶಿಫ್ಟ್, ಕಂಟ್ರೋಲ್ ಎಲ್ಲ ಕೊಡಿ ಅಂತ. ತಟ್ಟಿದ್ರೆ ಅಕ್ಷರ, ಒತ್ತಿ ಹಿಡಿದ್ರೆ ಶಿಫ್ಟ್. ಎಡಗೈ ಶಿಫ್ಟನ್ನ ಸಾಮಾನ್ಯವಾಗಿ ಎಫ್ ಕೀಗೆ ಕೊಡ್ತಾರೆ. ನಮ್ಮ ಎಫ್ ಯಾವುದು? ಹಲಂತ! ಒತ್ತಕ್ಷರ ಬಂದಾಗೆಲ್ಲ ಅದೇ ಬೇಕು. ಬಸ್, ಕಾರ್, ಫೋನ್ ಅಂತ ಬರೆದ್ರೂ ಅದೇ ಬೇಕು. ಕ್ಯೂಎಂಕೆಯಲ್ಲಿ ತಟ್ಟೋದಕ್ಕೂ ಹಿಡಿಯೋದಕ್ಕೂ ಇರೋ ಗಡುವು ಮೊದಲಿಗೆ 200 ಮಿಲಿಸೆಕೆಂಡ್ ಇರುತ್ತೆ. ಎಫ್ ಮೇಲೆ ಬೆರಳು ಸ್ವಲ್ಪ ಸೋಮಾರಿಯಾಗಿ ಅದಕ್ಕಿಂತ ಜಾಸ್ತಿ ಹೊತ್ತು ಕೂತು, ಅಷ್ಟರಲ್ಲಿ ಎನ್ ಒತ್ತಿದ್ರೋ, ಹಲಂತ ಮಾಯ, ನ ಬದಲು ಣ. ಪರದೆ ಮೇಲೆ "ಕನಣಡ". ಗಡುವು ಹೆಚ್ಚಿಸಿದ್ರೆ ಮಹಾಪ್ರಾಣ ಕೈ ಕೊಡುತ್ತೆ, ಖ ಬೇಕಾದಲ್ಲಿ ಕ ಬಂದು ಕೂರುತ್ತೆ. ಆ ಸಲಹೆ ಇಂಗ್ಲಿಷ್‌ಗೆ ಸರಿ ಇರಬಹುದು. ಅಲ್ಲಿ ಶಿಫ್ಟ್ ಬೇಕಾಗೋದು ವಾಕ್ಯದ ಶುರುವಲ್ಲಿ, ಹೆಸರು ಬರೆಯುವಾಗ. ನಮಗೆ ಪದ ಪದಕ್ಕೂ ಬೇಕು. ಶಿಫ್ಟನ್ನ ಹೆಬ್ಬೆರಳಿನ ಒಂದು ಕೀಗೆ ಕೊಡಿ, ಅದಕ್ಕೆ ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ.

"ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ" ಅನ್ನೋ ಮಾತನ್ನೂ ಪೂರ್ತಿ ನಂಬಬೇಡಿ. ಅಕ್ಷರ ಆಗುತ್ತೆ. ಪಾಸ್‌ವರ್ಡಿನ ಆ ಡಾಲರ್, ಆಂಪರ್‌ಸ್ಯಾಂಡ್ ಇದಾವಲ್ಲ, ಅವು ಬೇಗ ಕೈಗೆ ಹತ್ತೋದಿಲ್ಲ, ಯಾಕಂದ್ರೆ ಟೈಪ್ ಮಾಡ್ತಿರೋದು ಏನು ಅಂತ ಪರದೆ ಮೇಲೆ ಕಾಣೋದೇ ಚುಕ್ಕಿ. ಇನ್ನು ಆಫೀಸಲ್ಲಿ ಯಾರಾದ್ರೂ "ಸ್ವಲ್ಪ ಬಿಡಿ ಸಾರ್, ಒಂದ್ನಿಮಿಷ" ಅಂತ ನಿಮ್ಮ ಸೀಟಿಗೆ ಬಂದ್ರೆ ಅವರ ಫಜೀತಿ ನೋಡೋಕಾಗಲ್ಲ. ಜಿಎಸ್‌ಟಿ ಫೈಲ್ ಮಾಡೋರು, ದಿನವಿಡೀ ಎಕ್ಸೆಲ್‌ನಲ್ಲಿ ಅಂಕಿ ತುಂಬೋರು, ನಿಮಗೆ ಇದು ಬೇಡ. ನಂಬರ್‌ಪ್ಯಾಡ್ ಬಿಟ್ಟು ಬದುಕೋ ಅಗತ್ಯ ನಿಮಗೇನಿಲ್ಲ.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಕನಾಟಾ ಅಂತ ಒಂದು ಉಚಿತ ತಂತ್ರಾಂಶ ಇದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತೆ. ನಿಮ್ಮ ಈಗಿನ ಲ್ಯಾಪ್‌ಟಾಪ್ ಕೀಬೋರ್ಡಿಗೇ ಅದು ಲೇಯರ್ ಹಾಕಿಕೊಡುತ್ತೆ. ಅದರಲ್ಲಿ ನಂಬರ್ ಸಾಲನ್ನ ಪೂರ್ತಿ ಆಫ್ ಮಾಡಿ, ಅಂಕಿಗಳನ್ನ ಲೇಯರ್‌ಗೆ ಹಾಕಿ, ನಿಮ್ಮ ದಿನದ ಕನ್ನಡ ಕೆಲಸ ಮಾಡಿ ನೋಡಿ. ಸಿಟ್ಟು ಬಂದು ಆಫ್ ಮಾಡಿದ್ರೆ, ಖರ್ಚು ಸೊನ್ನೆ.