ನಾಮಿನಿ ಮಾಲೀಕನಲ್ಲ

ಕೇಳುಗರಿಗೆ ನಮಸ್ಕಾರ. ಮನೆಯವರೊಬ್ಬರು ತೀರಿಕೊಂಡ ಮೇಲೆ ಅವರ ಹಣ, ಮನೆ, ಜಮೀನು ಯಾರಿಗೆ ಸೇರುತ್ತವೆ ಎಂದು ತಿಳಿಸಿಕೊಡಿ ಎಂದು ನಿಲಯದವರು ಕೇಳಿದ್ದಾರೆ. ಕಾನೂನಿನ ಕಲಮುಗಳನ್ನು ಓದಿ ನಿಮ್ಮನ್ನು ದಣಿಸುವುದಿಲ್ಲ. ಒಂದೇ ಮಾತು ನೆನಪಿಟ್ಟುಕೊಳ್ಳಿ: ಬ್ಯಾಂಕಿನ ಖಾತೆಯಲ್ಲಿ ನಾಮಿನಿ ಎಂದು ಯಾರ ಹೆಸರಿದೆಯೋ ಅವರು ಆ ಹಣದ ಮಾಲೀಕರಲ್ಲ.

ಬಸ್ಸಿನ ಕಂಡಕ್ಟರ್ ಚೀಲದಲ್ಲಿ ದಿನವಿಡೀ ಹಣ ಇರುತ್ತದೆ. ಸಂಜೆ ಡಿಪೋದಲ್ಲಿ ಲೆಕ್ಕ ಒಪ್ಪಿಸಲೇಬೇಕು. ನಾಮಿನಿಯ ಕೆಲಸವೂ ಅಷ್ಟೇ. ಬ್ಯಾಂಕು ಅವರ ಕೈಗೆ ಹಣ ಕೊಟ್ಟು ತನ್ನ ಹೊಣೆ ಇಳಿಸಿಕೊಳ್ಳುತ್ತದೆ. ಅವರು ಅದನ್ನು ವಾರಸುದಾರರಿಗೆ ಒಪ್ಪಿಸಬೇಕು. ಬ್ಯಾಂಕ್ ಠೇವಣಿಯ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಹೀಗೆಂದಿತು. ಷೇರುಗಳ ಬಗ್ಗೆ 2023ರಲ್ಲಿ ಇದನ್ನೇ ಹೇಳಿತು. ಆದರೂ ಜನ ನನ್ನ ಕಚೇರಿಗೆ ಬಂದು, "ಸಾರ್, ನಾಮಿನಿ ನಾನೇ, ಇನ್ನೇನು ತಕರಾರು?" ಎನ್ನುವುದು ನಿಂತಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಹೆಸರು, ಊರು ಬೇಡ. ಒಬ್ಬ ನೌಕರರು ಮದುವೆಗೆ ಮುಂಚೆಯೇ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆಗ ಹೆಂಡತಿ ಇಲ್ಲ, ಮಕ್ಕಳಿಲ್ಲ. ಅರ್ಜಿಯಲ್ಲಿ ತಮ್ಮನ ಹೆಸರು ಬರೆದರು. ಆಮೇಲೆ ಮದುವೆಯಾಯಿತು, ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು, ಠೇವಣಿಯೂ ಬೆಳೆಯಿತು. ಅರ್ಜಿಯಲ್ಲಿದ್ದ ಹೆಸರು ಮಾತ್ರ ಹಾಗೆಯೇ ಉಳಿಯಿತು. ಅವರು ಉಯಿಲು ಬರೆಯದೆ ತೀರಿಕೊಂಡಾಗ ಬ್ಯಾಂಕು ನಿಯಮದಂತೆ ತಮ್ಮನನ್ನು ಕರೆದು ಹಣ ಕೊಟ್ಟಿತು. ತಮ್ಮ ಕೆಟ್ಟವನೇನಲ್ಲ. "ಅಣ್ಣ ನನ್ನ ಮೇಲಿನ ಪ್ರೀತಿಯಿಂದ ಬಿಟ್ಟುಹೋಗಿದ್ದಾನೆ" ಎಂದು ಮನಸಾರೆ ನಂಬಿದ್ದ.

ಅತ್ತಿಗೆ, ಮೈದುನ ಇಬ್ಬರೂ ನನ್ನ ಮುಂದೆ ಕುಳಿತರು. ಜೊತೆಗೆ ಆ ಅಣ್ಣತಮ್ಮಂದಿರ ತಾಯಿಯೂ ಬಂದಿದ್ದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. ನಾನು ತಮ್ಮನಿಗೆ ಹೇಳಿದೆ: "ನೀವು ನಾಮಿನಿ, ನಿಜ. ವಾರಸುದಾರರಲ್ಲ. ಇದರಲ್ಲಿ ನಿಮಗೆ ಒಂದು ರೂಪಾಯಿಯೂ ಇಲ್ಲ." ಅವನ ಮುಖ ಸಪ್ಪಗಾಯಿತು. ಆ ಹೆಣ್ಣುಮಗಳು ನಿಟ್ಟುಸಿರು ಬಿಟ್ಟು, "ಹಾಗಾದರೆ ಎಲ್ಲವೂ ನನಗೆ, ನನ್ನ ಮಕ್ಕಳಿಗೆ ತಾನೇ?" ಎಂದರು. ಇಲ್ಲಮ್ಮ, ಅದೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ಉಯಿಲು ಬರೆಯದೆ ಸತ್ತರೆ ಅವನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ತಾಯಿಗೆ! ಇಲ್ಲಿ ನಾಲ್ಕು ಪಾಲು, ನಾಲ್ಕನೆಯದು ಅಲ್ಲಿ ಸುಮ್ಮನೆ ಕುಳಿತಿದ್ದವರದು. ಅಲ್ಲಿಯವರೆಗೆ ಅವರನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಆ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಹಾಗಾದರೆ ನನ್ನ ಸಹಿಯೂ ಬೇಕೇನಪ್ಪಾ?" ಎಂದರು. ಬೇಕು ತಾಯೀ, ಬೇಕೇ ಬೇಕು. ಕೋರ್ಟಿನ ಮೆಟ್ಟಿಲು ಹತ್ತದೆ ಆ ವ್ಯವಹಾರ ಮುಗಿಯಿತು. ಎಲ್ಲ ಮನೆಗಳಲ್ಲೂ ಹೀಗೆ ಮುಗಿಯುವುದಿಲ್ಲ.

ಕತೆಯೇ ಅರ್ಧ ಹೊತ್ತು ತಿಂದಿತು. ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸುತ್ತೇನೆ. ನಾನು ಹೇಳುತ್ತಿರುವ ಪಾಲಿನ ಲೆಕ್ಕ ಹಿಂದೂ ಕಾಯ್ದೆಯದು; ಮುಸ್ಲಿಮರಿಗೂ ಕ್ರೈಸ್ತರಿಗೂ ಲೆಕ್ಕ ಬೇರೆ.

ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿದೆಯೇ? ಇದೆ, ಮಗನಷ್ಟೇ ಇದೆ. ಮಗಳಿಗೆ ಈ ಸಮಪಾಲು ಕೊಟ್ಟ 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿದೆ. "ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದೇವೆ" ಎಂಬ ಅಣ್ಣಂದಿರ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ತಂಗಿ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು.

ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ದಾಖಲೆಯನ್ನು ನನ್ನ ಹೆಸರಿಗೆ ಮಾಡಿಸಿದರೆ ಜಮೀನು ನನ್ನದಾಯಿತೇ? ಇಲ್ಲ. ಪಹಣಿಯಲ್ಲಿ ದೊಡ್ಡ ಮಗನೊಬ್ಬನ ಹೆಸರೇ ಬಂದರೂ ಉಳಿದವರ ಪಾಲು ಕರಗುವುದಿಲ್ಲ. ನಾಮಿನಿಯ ಹಾಗೆ ಇಲ್ಲಿಯೂ ಹೆಸರು ಬೇರೆ, ಹಕ್ಕು ಬೇರೆ.

ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬಹುದೇ? ದಯವಿಟ್ಟು ಬೇಡ. ಪಿನ್ ಗೊತ್ತಿದ್ದರೂ ಬೇಡ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿ, ಮರಣ ಪ್ರಮಾಣಪತ್ರ ಪಡೆದು ಬ್ಯಾಂಕಿಗೆ ಕೊಡಿ.

ಅಪ್ಪನ ಸಾಲ ಮಕ್ಕಳು ತೀರಿಸಬೇಕೇ? ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನೀವೇ ಜಾಮೀನು ಹಾಕಿದ್ದರೆ ಆ ಮಾತು ಬೇರೆ.

ಇನ್ನು ಉಯಿಲು. ತಮ್ಮನಿಗೇ ಕೊಡಬೇಕೆಂದು ಆ ಅಣ್ಣನಿಗೆ ನಿಜವಾಗಿಯೂ ಮನಸ್ಸಿದ್ದರೆ ಉಯಿಲು ಬರೆಯಬೇಕಿತ್ತು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ನಿಮ್ಮ ಸಹಿ ಇರಬೇಕು, ಇಬ್ಬರು ಸಾಕ್ಷಿಗಳು ನಿಮ್ಮೆದುರಿನಲ್ಲೇ ಸಹಿ ಹಾಕಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನಾಮಿನಿ ಹಾಕಿದ್ದೇನಲ್ಲ, ಉಯಿಲು ಏಕೆ ಎಂದು ಮತ್ತೆ ಕೇಳಬೇಡಿ; ಇಷ್ಟು ಹೊತ್ತು ಹೇಳಿದ್ದೇ ಅದನ್ನು.

ಹಾಗೆಂದು ನಾಮಿನಿಯ ಕಾಲಂ ಖಾಲಿ ಬಿಡಬೇಡಿ, ಬ್ಯಾಂಕಿನಿಂದ ಹಣ ಬಿಡಿಸಿಕೊಳ್ಳಲು ಮನೆಯವರು ಹೆಚ್ಚು ಅಲೆಯಬೇಕಾಗುತ್ತದೆ. 2025ರ ನವೆಂಬರ್‌ನಿಂದ ಠೇವಣಿ ಖಾತೆಗೆ ನಾಲ್ವರವರೆಗೂ ನಾಮಿನಿಗಳನ್ನು ಹೆಸರಿಸಬಹುದು. ಮುಂದಿನ ಸಲ ಬ್ಯಾಂಕಿಗೆ ಹೋದಾಗ ನಿಮ್ಮ ಖಾತೆಯಲ್ಲಿ ಯಾರ ಹೆಸರಿದೆ ಎಂದು ಕೇಳಿ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಯಾಗಿದ್ದರೆ ನಾಳೆಯೇ ಹೋಗಿ. ನಮಸ್ಕಾರ.